ಅಮ್ಮ ಮಾತ್ರೆ ಬಿಟ್ಟು ಬಿಟ್ಟು ನುಂಗುತ್ತಿದ್ದಾರೆ. ತಿಂಗಳ ಔಷಧಿ ಖರ್ಚನ್ನು ನೀವೆಲ್ಲ ಹೇಗೆ ನಿಭಾಯಿಸುತ್ತಿದ್ದೀರಿ?

ಹೇಮಾವತಿ ದಂಡೆ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಅಮ್ಮನಿಗೆ 63 ವರ್ಷ. ಶುಗರ್ ಶುರುವಾಗಿ 14 ವರ್ಷ ಆಯಿತು. ಬಿಪಿ ಇದೆ, ಥೈರಾಯ್ಡ್ ಇದೆ, ಕೊಲೆಸ್ಟ್ರಾಲ್ ಮಾತ್ರೆಯೂ ಇದೆ. ಅರಕಲಗೂಡು ಹತ್ತಿರದ ಊರಿನಲ್ಲಿ ಒಬ್ಬರೇ ಇರುತ್ತಾರೆ. ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿದ್ದೇನೆ, ಸಂಬಳ 19,500. ಔಷಧಿಗೆ ಅಂತ ತಿಂಗಳಿಗೆ 2,000 ಕಳಿಸುತ್ತೇನೆ. ಉಳಿದದ್ದು ಗೃಹಲಕ್ಷ್ಮಿ ದುಡ್ಡಲ್ಲಿ ಆಗುತ್ತೆ ಕಣೋ, ನೀನು ತಲೆ ಕೆಡಿಸಿಕೊಳ್ಳಬೇಡ ಅಂತ ಅಮ್ಮ ಹೇಳುತ್ತಿದ್ದರು. ನಾನು ನಂಬಿದೆ.

ಹೋದ ವಾರ ಊರಿಗೆ ಹೋದಾಗ ಮಾತ್ರೆ ಡಬ್ಬಿ ತೆಗೆದು ನೋಡಿದೆ. ಮೂವತ್ತು ದಿನಕ್ಕೆ ಅಂತ ತಂದ ಮಾತ್ರೆಯ ಬಿಲ್ ಎರಡು ತಿಂಗಳ ಹಿಂದಿನದು, ಶೀಟಿನಲ್ಲಿ ಇನ್ನೂ ನಾಲ್ಕು ಉಳಿದಿದೆ. ಆದರೆ ಎಲ್ಲ ಮಾತ್ರೆಯೂ ಹಾಗಲ್ಲ. ಬಿಪಿದು, ಥೈರಾಯ್ಡ್‌ದು ಸರಿಯಾಗಿ ಖಾಲಿಯಾಗಿ ಹೊಸದು ಬಂದಿದೆ. ಉಳಿದಿರುವುದು ದುಬಾರಿ ಶುಗರ್ ಮಾತ್ರೆ ಮಾತ್ರ. ಯಾವ ಕಾಯಿಲೆ ಜೋರಾಗಿದೆ ಅಂತ ನೋಡಿ ಬಿಟ್ಟಿದ್ದಲ್ಲ, ಯಾವುದಕ್ಕೆ ರೇಟು ಜಾಸ್ತಿ ಅಂತ ನೋಡಿ ಬಿಟ್ಟಿದ್ದಾರೆ.

ಕೇಳಿದರೆ, ಮೈ ಹಗುರ ಇದ್ದ ದಿನ ಯಾಕೆ ಸುಮ್ನೆ ನುಂಗೋದು ಅಂದರು. ಗೃಹಲಕ್ಷ್ಮಿ ದುಡ್ಡು ಹಾಲು, ಗ್ಯಾಸ್, ಮದುವೆ ಮುಯ್ಯಿ ಅಂತ ಹೋಗಿಬಿಡುತ್ತದಂತೆ. ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್ ಮಾಡಿಸಿದೆ. ಮೊದಲು 7.6 ಇದ್ದದ್ದು ಈಗ 10.4.

ಪೂರ್ತಿ ಮಾತ್ರೆ ತಗೊಂಡರೆ ತಿಂಗಳಿಗೆ 3,860 ಆಗುತ್ತದೆ. ಅದರಲ್ಲಿ ಒಂದೇ ಮಾತ್ರೆಗೆ 1,800. ಸಾಲ ಮಾಡಿ ಒಂದು ತಿಂಗಳು ತರಬಹುದು. ಆದರೆ ಇದು ಜೀವನಪೂರ್ತಿ ಇರುವಂಥದ್ದು. ನೀವೆಲ್ಲ ಏನು ಮಾಡುತ್ತೀರಿ?

ಮಲ್ನಾಡ್ ಮಳೆ
ಮೊದಲು ಒಂದು ಮಾತು. ಅಮ್ಮನ ಮೇಲೆ ಕೂಗಾಡಬೇಡಿ. ನಾವು ನಮ್ಮ ಅತ್ತೆಗೆ ಜೋರು ಮಾಡಿದೆವು. ಆಮೇಲೆ ಅವರು ಬಿಟ್ಟ ಮಾತ್ರೆಯನ್ನು ಹಿತ್ತಲಿಗೆ ಎಸೆಯೋಕೆ ಶುರು ಮಾಡಿದರು, ಡಬ್ಬಿ ನೋಡಿದರೆ ಲೆಕ್ಕ ಸರಿಯಾಗಿ ಕಾಣಲಿ ಅಂತ. ಎಂಟು ತಿಂಗಳು ನಮಗೆ ಗೊತ್ತೇ ಆಗಲಿಲ್ಲ.

ಮೆಡಿಕಲ್ ಅಣ್ಣ
ನಾನು ತಾಲ್ಲೂಕು ಊರಲ್ಲಿ ಮೆಡಿಕಲ್ ಶಾಪ್ ಇಟ್ಟು 19 ವರ್ಷ. ಆ 1,800 ರೂಪಾಯಿಯ ಮಾತ್ರೆ ಯಾವುದು? ಬ್ರ್ಯಾಂಡ್ ಹೆಸರು ಬೇಡ. ಶೀಟಿನ ಮೇಲೆ ಬ್ರ್ಯಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಔಷಧಿ ಹೆಸರು ಇರುತ್ತದೆ, ಅದನ್ನು ಹೇಳಿ.

ಹೇಮಾವತಿ ದಂಡೆ
ಎಂಪಾಗ್ಲಿಫ್ಲೋಜಿನ್ ಅಂತ ಇದೆ ಅಣ್ಣ. ಒಂದು ಮಾತ್ರೆಗೆ 60 ರೂಪಾಯಿ.

ಮೆಡಿಕಲ್ ಅಣ್ಣ
ಅಂದುಕೊಂಡೆ. ಇದರ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿಯಿತು. ಅಲ್ಲಿಯವರೆಗೆ ಬೇರೆಯವರು ಮಾಡುವ ಹಾಗಿರಲಿಲ್ಲ, ಅದಕ್ಕೇ 60 ರೂಪಾಯಿ. ಆಮೇಲೆ ನಮ್ಮ ದೇಶದ ಹತ್ತಾರು ಕಂಪನಿಗಳು ಅದೇ ಔಷಧಿ ತಂದಿವೆ, ಹತ್ತು ರೂಪಾಯಿ ಆಸುಪಾಸಿಗೇ ಸಿಗುತ್ತದೆ. ಸಿಟಾಗ್ಲಿಪ್ಟಿನ್ ಅನ್ನುವ ಇನ್ನೊಂದು ಶುಗರ್ ಮಾತ್ರೆಗೂ 2022ರಲ್ಲಿ ಹೀಗೇ ಆಯಿತು. ನಿಮ್ಮ ಅಮ್ಮನ ಚೀಟಿ ಹಳೆಯದು, ಅದೇ ಬ್ರ್ಯಾಂಡ್ ಹೆಸರು ಮುಂದುವರಿದಿದೆ, ಅಷ್ಟೇ.

ಆದರೆ ಒಂದು ವಿಷಯ ತಿಳ್ಕೊಳ್ಳಿ. ಚೀಟಿಯಲ್ಲಿ ಬ್ರ್ಯಾಂಡ್ ಬರೆದಿದ್ದರೆ ನಾವಾಗಿ ನಾವೇ ಬೇರೆ ಬ್ರ್ಯಾಂಡ್ ಕೊಡಲು ಕಾನೂನಿನಲ್ಲಿ ಅವಕಾಶ ಇಲ್ಲ. ಡಾಕ್ಟರ್ ಬರೆದುಕೊಡಬೇಕು. ಅವರ ಹತ್ತಿರ ಹೋಗಿ, "ಸರ್, ಇದು ಕೈಗೆಟುಕುತ್ತಿಲ್ಲ, ಅಮ್ಮ ದಿನ ಬಿಟ್ಟು ದಿನ ತಗೊಳ್ತಿದ್ದಾರೆ" ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಎಷ್ಟೋ ಜನ ಡಾಕ್ಟರ್ ಮುಂದೆ ದುಡ್ಡಿನ ಮಾತು ಎತ್ತಲು ನಾಚಿಕೊಳ್ಳುತ್ತಾರೆ. ನಮ್ಮ ಕೌಂಟರ್‌ಗೆ ಬಂದು "ಇದರಲ್ಲಿ ಯಾವುದು ಬಿಟ್ಟರೆ ನಡೆಯುತ್ತೆ?" ಅಂತ ಕೇಳುತ್ತಾರೆ. ಆ ಪ್ರಶ್ನೆ ದಿನಕ್ಕೆ ನಾಲ್ಕೈದು ಸಲ ಕೇಳುತ್ತೇನೆ. ಏನು ಹೇಳಲಿ ನಾನು?

ಬಯಲುಸೀಮೆ
ಸುಮ್ನೆ ಜನೌಷಧಿ ಕೇಂದ್ರಕ್ಕೆ ಹೋಗಿ. ನಮ್ಮಪ್ಪನ ಬಿಲ್ 2,900 ಇದ್ದದ್ದು 640ಕ್ಕೆ ಬಂತು. ಬಿಪಿ, ಶುಗರ್, ಕೊಲೆಸ್ಟ್ರಾಲ್, ಗ್ಯಾಸ್ಟ್ರಿಕ್ ಎಲ್ಲ ಅಲ್ಲೇ. ಎರಡು ವರ್ಷ ಆಯಿತು, ರಿಪೋರ್ಟ್ ಚೆನ್ನಾಗಿದೆ.

ರಾಜಾಜಿನಗರ ಮನೆ
ಅಗ್ಗದ ಮಾತ್ರೆ ನಂಬಬೇಡಿ. ನಾನು ತಂದು ನೋಡಿದ್ದೇನೆ, ಬಿಪಿ ಕಂಟ್ರೋಲ್‌ಗೇ ಬರಲಿಲ್ಲ. ಜೀವದ ವಿಷಯದಲ್ಲಿ ನೂರು ರೂಪಾಯಿ ಉಳಿಸಿ ಏನು ಮಾಡುತ್ತೀರಿ? 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ಡ್ರಿಪ್ ಮೇಲೇ ಅನುಮಾನ ಬಂದಿತ್ತು, ಮರೆತುಹೋಯಿತಾ?

ಬಯಲುಸೀಮೆ
ನೂರು ರೂಪಾಯಿ ಅಲ್ಲ ಸ್ವಾಮಿ, ತಿಂಗಳಿಗೆ 2,260. ವರ್ಷಕ್ಕೆ 27 ಸಾವಿರ. ನಮ್ಮಲ್ಲಿ ಒಂದು ಎಕರೆ ರಾಗಿ ಬೆಳೆದರೆ ಕೈಗೆ ಉಳಿಯುವುದು ಎಷ್ಟು ಗೊತ್ತಾ?

ವಾರ್ಡ್ ನಂಬರ್ 6
ನಾನು ಸ್ಟಾಫ್ ನರ್ಸ್. ಇಬ್ಬರದ್ದೂ ಕೇಳಿದೆ. ಬಳ್ಳಾರಿಯದ್ದು ದೊಡ್ಡ ದುಃಖದ ವಿಷಯ, ಅದನ್ನು ಮರೆಯಬಾರದು. ಆದರೆ ಅದು ಆಸ್ಪತ್ರೆಗೆ ಸರಬರಾಜಾದ ಡ್ರಿಪ್ ವಿಷಯ. ಅದನ್ನಿಟ್ಟುಕೊಂಡು ಜನರಿಕ್ ಮಾತ್ರೆ, ಅಂದರೆ ದೊಡ್ಡ ಬ್ರ್ಯಾಂಡ್ ಹೆಸರಿಲ್ಲದ ಅದೇ ಔಷಧಿ, ಎಲ್ಲವೂ ಕಳಪೆ ಅನ್ನುವುದು ಸರಿಯಲ್ಲ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಗುಣಮಟ್ಟದಲ್ಲಿ ಫೇಲ್ ಆದ ಔಷಧಿಗಳ ಪಟ್ಟಿಯನ್ನು ತಿಂಗಳು ತಿಂಗಳು ಹಾಕುತ್ತದೆ. ಅದರಲ್ಲಿ ಹೆಸರಾಂತ ಬ್ರ್ಯಾಂಡ್‌ಗಳೂ ಬಂದಿವೆ. ರೇಟು ಜಾಸ್ತಿ ಇದ್ದ ಮಾತ್ರಕ್ಕೆ ಗ್ಯಾರಂಟಿ ಇಲ್ಲ, ಕಡಿಮೆ ಇದ್ದ ಮಾತ್ರಕ್ಕೆ ಕಳಪೆಯೂ ಅಲ್ಲ. ಮಾತ್ರೆ ಬದಲಿಸಿದ ಮೇಲೆ ಟೆಸ್ಟ್ ಮಾಡಿಸಿ. ಬಿಪಿ ಮೆಷಿನ್ ಸುಳ್ಳು ಹೇಳಲ್ಲ.

ಆದರೆ ಕೆಲವು ಔಷಧಿಗೆ ಜಾಗ್ರತೆ ಬೇಕು. ಥೈರಾಯ್ಡ್ ಮಾತ್ರೆಯ ಬ್ರ್ಯಾಂಡ್ ತಿಂಗಳಿಗೊಂದು ಬದಲಿಸಬೇಡಿ. ಬದಲಿಸಿದರೆ ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತ ಪರೀಕ್ಷೆ) ನೋಡಿಸಿ. ಮೂರ್ಛೆ ರೋಗದ ಮಾತ್ರೆ, ಕಿಡ್ನಿ ಕಸಿ ಆದವರ ಮಾತ್ರೆ ಇವನ್ನಂತೂ ಡಾಕ್ಟರಿಗೆ ಹೇಳದೆ ಮುಟ್ಟಲೇಬೇಡಿ.

ಇನ್ನೊಂದು. ಖರ್ಚು ಉಳಿಸಲು ಮಾತ್ರೆ ಅರ್ಧ ಮಾಡುವವರು ಬಹಳ ಜನ. ಹೆಸರಿನ ಕೊನೆಯಲ್ಲಿ ಎಸ್‌ಆರ್, ಎಕ್ಸ್‌ಆರ್, ಇಆರ್ ಅಂತ ಇದ್ದರೆ ಅದು ನಿಧಾನವಾಗಿ ಕರಗಲಿ ಅಂತ ಮಾಡಿದ ಮಾತ್ರೆ. ಅದನ್ನು ಮುರಿದರೆ ಔಷಧಿ ಒಂದೇ ಸಲ ಮೈಗೆ ಸೇರಬಹುದು.

ರಾಜಾಜಿನಗರ ಮನೆ
ಸರಿ, ನಾನು ಮಧ್ಯೆ ಎರಡು ವಾರ ಮಾತ್ರೆ ತಪ್ಪಿಸಿದ್ದೂ ಹೌದು. ಅದನ್ನೂ ಹೇಳಬೇಕಿತ್ತು.

ಹಾಗಲಬಳ್ಳಿ
ಇಷ್ಟೆಲ್ಲ ಯಾಕೆ? ಅಮೃತಬಳ್ಳಿ ಕಷಾಯ, ಹಾಗಲಕಾಯಿ ರಸ ಖಾಲಿ ಹೊಟ್ಟೆಗೆ ಮೂರು ತಿಂಗಳು ಕೊಡಿ. ಇಂಗ್ಲಿಷ್ ಮಾತ್ರೆ ನಿಲ್ಲಿಸಬಹುದು.

ಕೃಷ್ಣಾ ತೀರ
ದಯಮಾಡಿ ಹೀಗೆ ಬರೀಬೇಡ್ರಿ. ನಮ್ಮ ಕಾಕಾ ಇದೇ ಮಾತು ಕೇಳಿ ಮಾತ್ರೆ ಬಿಟ್ಟರು. ಕಾಲಿಗೆ ಸಣ್ಣ ಗಾಯ ಆಯಿತು, ಚಪ್ಪಲಿ ಕಚ್ಚಿದ್ದು. ಮಾಯಲಿಲ್ಲ. ಎರಡು ಬೆರಳು ತೆಗೆದರು, ಆಮೇಲೆ ಅರ್ಧ ಪಾದ. ಹಾಗಲಕಾಯಿ ಪಲ್ಯ ಮಾಡಿ ರೊಟ್ಟಿ ಜೊತೆ ಉಣ್ಣಿರಿ, ಯಾರೂ ಬೇಡ ಅನ್ನಲ್ಲ. ಮಾತ್ರೆ ನಿಲ್ಲಿಸಿ ಅಂತ ಮಾತ್ರ ಯಾರಿಗೂ ಹೇಳಬೇಡ್ರಿ.

ತುಮಕೂರು ರೋಡ್
ಆಯುಷ್ಮಾನ್ ಕಾರ್ಡ್ ಮಾಡಿಸಿ, ಐದು ಲಕ್ಷದವರೆಗೆ ಎಲ್ಲ ಫ್ರೀ.

ವಾರ್ಡ್ ನಂಬರ್ 6
ಎಲ್ಲ ಅಲ್ಲ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅನ್ನುವುದು ಆಸ್ಪತ್ರೆಯಲ್ಲಿ ಕೊಡುವ ಚಿಕಿತ್ಸೆಗೆ, ಆಪರೇಷನ್‌ಗೆ. ತಿಂಗಳು ತಿಂಗಳು ಮನೆಯಲ್ಲಿ ನುಂಗುವ ಮಾತ್ರೆಗೆ ಬರುವುದಿಲ್ಲ. ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಮಾತ್ರೆ ಬಿಟ್ಟು ಸ್ಟ್ರೋಕ್ ಹೊಡೆದು ಬಂದರೆ ಕಾರ್ಡ್ ಕೆಲಸ ಮಾಡುತ್ತದೆ, ಸ್ಟ್ರೋಕ್ ಬಾರದ ಹಾಗೆ ತಡೆಯುವ ಮಾತ್ರೆಗೆ ಅದೇ ಕಾರ್ಡ್‌ನಲ್ಲಿ ದುಡ್ಡಿಲ್ಲ.

ಮಾತ್ರೆಗೆ ಇರುವ ದಾರಿ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ (ಶುಗರ್, ಬಿಪಿಯಂಥ ಕಾಯಿಲೆ ನೋಡುವ ವಿಭಾಗ). ಶುಗರ್‌ಗೆ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್, ಬಿಪಿಗೆ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಇಂಥವು ಅಲ್ಲಿ ಉಚಿತ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಗೇ ಬಂದು ನೋಡುತ್ತಾರೆ. ಊರಿನ ಆಶಾ ಅಕ್ಕನನ್ನು ಕೇಳಿ.

ಸಾಸಲು ಹೊಲ
ಪಿಎಚ್‌ಸಿಯಲ್ಲಿ ಸಿಗುತ್ತದೆ, ನಿಜ. ಆದರೆ ನಮ್ಮ ಕಡೆ ಒಂದು ಸಲಕ್ಕೆ ಹತ್ತು ದಿನದ್ದು ಕೊಡುತ್ತಾರೆ. ನಮ್ಮಮ್ಮ ತಿಂಗಳಿಗೆ ಮೂರು ಸಲ ಹೋಗಬೇಕು. ಹೋದ ದಿನ ಕೂಲಿ ಹೋಯಿತು. ಉಚಿತ ಮಾತ್ರೆಗೆ ಸಾವಿರದ ಇನ್ನೂರು ರೂಪಾಯಿ ಕೂಲಿ ಕಳ್ಕೊಂಡ ಹಾಗೆ ಆಗುತ್ತದೆ. ಒಂದೇ ಸಲ ತಿಂಗಳದ್ದು ಕೊಟ್ಟರೆ ಏನು ಕಷ್ಟ?

ಮೆಡಿಕಲ್ ಅಣ್ಣ
ರೇಟಿನ ಬಗ್ಗೆ ಇನ್ನೊಂದು ವಿಷಯ. ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿ ಅಂತ ಇದೆ, 2022ರ ಪಟ್ಟಿಯಲ್ಲಿ 384 ಔಷಧಿ ಇವೆ. ಅವಕ್ಕೆ ಗರಿಷ್ಠ ಬೆಲೆಯನ್ನು ಸರ್ಕಾರವೇ ಕಟ್ಟುತ್ತದೆ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಕಂಪನಿ ವರ್ಷಕ್ಕೆ ಶೇ. 10ರವರೆಗೆ ಏರಿಸಬಹುದು. ಎರಡು ಮೂರು ಔಷಧಿ ಸೇರಿಸಿದ ಕಾಂಬಿನೇಷನ್ ಮಾತ್ರೆ ಬಹಳಷ್ಟು ಪಟ್ಟಿಯ ಹೊರಗೇ ಇವೆ. ಹಾಗಾಗಿ ಡಾಕ್ಟರನ್ನು ಕೇಳಿ, ಬೇರೆ ಬೇರೆ ಬರೆದುಕೊಟ್ಟರೆ ಒಂದರ ಬದಲು ಮೂರು ಮಾತ್ರೆ ನುಂಗಬೇಕು, ಆದರೆ ಖರ್ಚು ಎಷ್ಟೋ ಸಲ ಅರ್ಧಕ್ಕೆ ಇಳಿಯುತ್ತದೆ.

ಜಿಎಸ್‌ಟಿಯೂ 2025ರ ಸೆಪ್ಟೆಂಬರ್ 22ರಿಂದ ಹೆಚ್ಚಿನ ಔಷಧಿಗೆ ಶೇ. 12ರಿಂದ 5ಕ್ಕೆ ಇಳಿದಿದೆ. ಶೀಟಿನ ಮೇಲೆ ಹಳೇ ಎಂಆರ್‌ಪಿ ಇದ್ದರೂ ಹೊಸ ರೇಟೇ ಹಾಕಬೇಕು. ಬಿಲ್ ಕೇಳಿ ತಗೊಳ್ಳಿ.

ಚಾಮುಂಡಿ ಪುರ
ಅಣ್ಣ, ಬೇಜಾರಾಗಬೇಡಿ, ನೇರವಾಗಿ ಕೇಳುತ್ತೇನೆ. ನಮ್ಮ ಏರಿಯಾದ ಒಂದು ಅಂಗಡಿಯಲ್ಲಿ "ಜನರಿಕ್ ಇದು" ಅಂತ 110 ರೂಪಾಯಿಗೆ ಕೊಟ್ಟ ಶೀಟನ್ನೇ ಮುಂದಿನ ಬೀದಿಯಲ್ಲಿ 35ಕ್ಕೆ ಕೊಟ್ಟರು. ಅದೇ ಕಂಪನಿ, ಅದೇ ಎಂಆರ್‌ಪಿ. ಇದು ಹೇಗೆ?

ಮೆಡಿಕಲ್ ಅಣ್ಣ
ಕೇಳಬೇಕಾದ ಪ್ರಶ್ನೆಯೇ ಕೇಳಿದ್ದೀರಿ. ಕಂಪನಿಗಳು ಡಾಕ್ಟರ ಹತ್ತಿರ ಪ್ರಚಾರ ಮಾಡದೆ ನೇರವಾಗಿ ಅಂಗಡಿಗೆ ಮಾರುವ ಮಾಲು ಇರುತ್ತದೆ. ನಮಗೆ ಬಹಳ ಕಡಿಮೆಗೆ ಬೀಳುತ್ತದೆ, ಎಂಆರ್‌ಪಿ ಮಾತ್ರ ಬ್ರ್ಯಾಂಡ್ ಹತ್ತಿರವೇ ಪ್ರಿಂಟ್ ಆಗಿರುತ್ತದೆ. ಅಂಗಡಿಯವನು ಲಾಭ ಎಷ್ಟು ಇಟ್ಟುಕೊಳ್ಳುತ್ತಾನೆ ಅನ್ನುವುದು ಅವನಿಗೆ ಬಿಟ್ಟದ್ದು. ಹಾಗೆ ಮಾಡುವವರು ನಮ್ಮ ಲೈನ್‌ನಲ್ಲಿ ಇದ್ದಾರೆ, ಇಲ್ಲ ಅಂತ ನಾನು ಹೇಳಲ್ಲ. ಜನರಿಕ್ ಅಂದ ತಕ್ಷಣ ಅಗ್ಗ ಅಂದುಕೊಳ್ಳಬೇಡಿ. ಫಾರ್ಮಾ ಸಹಿ ದಾಮ್ ಅನ್ನುವ ಸರ್ಕಾರಿ ಆ್ಯಪ್‌ನಲ್ಲಿ ರೇಟು ನೋಡಿ, ಎರಡು ಅಂಗಡಿ ವಿಚಾರಿಸಿ.

ಕಾವೇರಿ ಕಣಿವೆ
ಇನ್ಸುಲಿನ್ ತಗೊಳ್ಳುವವರಿಗೂ ಒಂದು ಟಿಪ್. ಪೆನ್ ಬದಲು ಬಾಟಲ್ ಇನ್ಸುಲಿನ್ ಮತ್ತು ಸಿರಿಂಜ್ ತಗೊಳ್ಳಿ, ಬಹಳ ಕಡಿಮೆ. ಮನೆಯಲ್ಲಿ ಉಳಿದ ಪೆನ್ ಕಾರ್ಟ್ರಿಡ್ಜ್‌ನಿಂದಲೂ ಅದೇ ಸಿರಿಂಜ್‌ನಲ್ಲಿ ಎಳೆದು ಹಾಕಬಹುದು, ವೇಸ್ಟ್ ಆಗಲ್ಲ.

ವಾರ್ಡ್ ನಂಬರ್ 6
ನಿಲ್ಲಿಸಿ! ಕೊನೇ ಸಾಲು ತುಂಬ ಅಪಾಯ, ದಯವಿಟ್ಟು ಅಳಿಸಿ. ನಮ್ಮಲ್ಲಿ ಸಿಗುವ ಬಾಟಲ್‌ನಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 40 ಯೂನಿಟ್. ಪೆನ್ ಕಾರ್ಟ್ರಿಡ್ಜ್‌ನಲ್ಲಿ ಒಂದು ಎಂಎಲ್‌ಗೆ 100 ಯೂನಿಟ್. ಕೆಂಪು ಮುಚ್ಚಳದ 40ರ ಸಿರಿಂಜ್‌ನಲ್ಲಿ ಕಾರ್ಟ್ರಿಡ್ಜ್‌ನಿಂದ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 20 ಅಲ್ಲ, 50 ಯೂನಿಟ್. ಎರಡೂವರೆ ಪಟ್ಟು! ಹೀಗೆ ಆಗಿ ಮೈಯೆಲ್ಲ ಬೆವರಿ ಪ್ರಜ್ಞೆ ಇಲ್ಲದೆ ಬಂದ ಅಜ್ಜಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಪೆನ್ ಕೆಟ್ಟಿತ್ತು, ಕಾರ್ಟ್ರಿಡ್ಜ್ ಹಾಳಾಗಬಾರದು ಅಂತ ಮೊಮ್ಮಗ ಸಿರಿಂಜ್‌ನಲ್ಲಿ ಕೊಟ್ಟಿದ್ದ.

ಪೆನ್‌ನಿಂದ ಬಾಟಲ್‌ಗೆ ಹೋಗುವುದು ತಪ್ಪಲ್ಲ, ದುಡ್ಡು ಉಳಿಯುವುದೂ ನಿಜ. ಆದರೆ ಒಳಗಿನ ಇನ್ಸುಲಿನ್ ಬೇರೆ ಜಾತಿಯದ್ದಿರಬಹುದು, ಊಟಕ್ಕೆ ಎಷ್ಟು ಮೊದಲು ಹಾಕಬೇಕು ಅನ್ನುವುದೂ ಬದಲಾಗುತ್ತದೆ. ಡಾಕ್ಟರ್ ಹೇಳಿಯೇ ಬದಲಿಸಬೇಕು.

ಕಾವೇರಿ ಕಣಿವೆ
ಅಯ್ಯೋ, ಗೊತ್ತಿರಲಿಲ್ಲ ಮೇಡಂ. ಅಳಿಸಿದರೆ ಬೇರೆಯವರಿಗೆ ತಿಳಿಯುವುದಿಲ್ಲ, ಹಾಗಾಗಿ ಬಿಟ್ಟಿದ್ದೇನೆ. ಎಲ್ಲರೂ ಕೆಳಗಿನ ಉತ್ತರ ಓದಿ. ನಾನು ಹೇಳಿದ್ದು ತಪ್ಪು.

ಟೆಕ್ಸಾಸ್ ಕನ್ನಡತಿ
ಇಲ್ಲಿ ಅಮೆರಿಕದಲ್ಲಿ ಇನ್ಸುಲಿನ್ ಕಥೆ ಇನ್ನೂ ಕಷ್ಟದ್ದು. 2023ರಿಂದ ಮೆಡಿಕೇರ್ ಅನ್ನುವ ಸರ್ಕಾರಿ ಆರೋಗ್ಯ ವಿಮೆಯಲ್ಲಿ ಇರುವ ಹಿರಿಯರಿಗೆ ಒಂದು ಇನ್ಸುಲಿನ್‌ಗೆ ತಿಂಗಳಿಗೆ 35 ಡಾಲರ್ ಮೀರಬಾರದು ಅಂತ ಮಾಡಿದ್ದಾರೆ. ಅದಕ್ಕೂ ಮೊದಲು ಪಕ್ಕದ ಮನೆಯವರು ಡೋಸ್ ಕಡಿಮೆ ಮಾಡಿಕೊಂಡು ತಿಂಗಳು ದೂಡುತ್ತಿದ್ದರು. ಅಪ್ಪ ಅಮ್ಮ ಇಲ್ಲಿಗೆ ಬಂದರೆ ನಾನು ಮೊದಲು ನೋಡುವುದು ಬ್ಯಾಗ್‌ನಲ್ಲಿ ಮಾತ್ರೆ ಎಷ್ಟಿದೆ ಅಂತ.

ಬಯಲುಸೀಮೆ
2025ರ ಮೇನಲ್ಲಿ ಸರ್ಕಾರಿ ಆಸ್ಪತ್ರೆ ಒಳಗಿನ ಜನೌಷಧಿ ಕೇಂದ್ರ ಮುಚ್ಚಿ ಅಂತ ರಾಜ್ಯ ಸರ್ಕಾರ ಆದೇಶ ಮಾಡಿತಲ್ಲ, ಅದು ಬಡವರಿಗೆ ಮಾಡಿದ ಮೋಸ.

ಚಾಮುಂಡಿ ಪುರ
ಆಸ್ಪತ್ರೆಯಲ್ಲೇ ಔಷಧಿ ಉಚಿತವಾಗಿ ಕೊಡಬೇಕು, ಅಲ್ಲಿ ಮಾರುವ ಅಂಗಡಿ ಯಾಕೆ ಅಂತ ಅವರ ವಾದ. ಅದರಲ್ಲೂ ಅರ್ಥ ಇದೆ.

ಬಯಲುಸೀಮೆ
ಉಚಿತದ್ದು ಸ್ಟಾಕ್ ಇಲ್ಲದ ದಿನ ಏನು ಮಾಡೋದು? ಹೈಕೋರ್ಟ್‌ನ ಧಾರವಾಡ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿದ್ದೂ ಗೊತ್ತಿರಲಿ.

ಮಲ್ನಾಡ್ ಮಳೆ
ಪಕ್ಷದ ಜಗಳ ಬೇಡ ಇಲ್ಲಿ. ಎರಡೂ ಇರಲಿ ಅನ್ನುವುದು ರೋಗಿಯ ಮನೆಯವರ ಮಾತು.

ತುಂಗಾ ನೀರು
ನಾನು ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನನ್ನ ತಮ್ಮನಿಗೆ ಕಿಡ್ನಿ ಕಸಿ ಆಗಿ ನಾಲ್ಕು ವರ್ಷ. ಕಿಡ್ನಿ ಕೊಟ್ಟಿದ್ದು ನಮ್ಮ ತಾಯಿ. ಆಪರೇಷನ್‌ಗೆ ಊರೆಲ್ಲ ಸೇರಿ ದುಡ್ಡು ಕೊಟ್ಟರು, ಸಂಘದವರು ಕೊಟ್ಟರು, ದೇವಸ್ಥಾನದಲ್ಲಿ ಡಬ್ಬಿ ಇಟ್ಟರು. ಆದರೆ ಆಮೇಲಿನ ಮಾತ್ರೆಗೆ ಯಾರೂ ಡಬ್ಬಿ ಇಡುವುದಿಲ್ಲ. ಕಸಿ ಮಾಡಿದ ಕಿಡ್ನಿಯನ್ನು ಮೈ ತಿರಸ್ಕರಿಸದ ಹಾಗೆ ಕೊಡುವ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್, ರಕ್ತದಲ್ಲಿ ಔಷಧಿ ಮಟ್ಟ ನೋಡುವ ಟೆಸ್ಟ್ ಎಲ್ಲ ಸೇರಿ ನಮಗೆ ತಿಂಗಳಿಗೆ 11 ಸಾವಿರ ಹತ್ತಿರ ಹೋಗುತ್ತದೆ. ಅವನು ಆಟೋ ಓಡಿಸುತ್ತಿದ್ದ, ಈಗ ಅರ್ಧ ದಿನ ಮಾತ್ರ ಓಡಿಸುತ್ತಾನೆ.

ಒಂದು ತಿಂಗಳು ಮಗಳ ಸ್ಕೂಲ್ ಫೀಸ್ ಕಟ್ಟಿ, ಮಾತ್ರೆ ಒಂದು ಹೊತ್ತು ಮಾತ್ರ ತಗೊಂಡ. ಯಾರಿಗೂ ಹೇಳಲಿಲ್ಲ. ಕಿಡ್ನಿ ಸೋತರೆ ರಕ್ತದಲ್ಲಿ ಹೆಚ್ಚಾಗುವ ಕ್ರಿಯಾಟಿನಿನ್ ಏರಿತು, ಆಸ್ಪತ್ರೆ ಸೇರಿದ. ದೇವರ ದಯೆಯಿಂದ ಕಿಡ್ನಿ ಉಳಿಯಿತು. ಅಮ್ಮ ಏನೂ ಬೈಯಲಿಲ್ಲ. "ನಂದು ಇನ್ನೊಂದೇ ಉಳಿದಿರೋದು ಕಣೋ" ಅಂದರು ಅಷ್ಟೇ. ಅವತ್ತಿನಿಂದ ಮಾತ್ರೆ ದುಡ್ಡು ನಮ್ಮ ಮನೆಯಲ್ಲಿ ಅಕ್ಕಿ ದುಡ್ಡಿಗಿಂತ ಮೊದಲು ತೆಗೆದಿಡುತ್ತೇವೆ, ಅಕ್ಕಂದಿರು ಮೂವರೂ ಐದನೇ ತಾರೀಕಿನೊಳಗೆ ಹಾಕಬೇಕು.

ಕೃಷ್ಣಾ ತೀರ
ಓದಿ ಮಾತೇ ಬರಲಿಲ್ಲ ಅಕ್ಕ. ನಿಮ್ಮ ತಾಯಿಗೆ ಕೈ ಮುಗಿದೆ ಅಂತ ಹೇಳ್ರಿ.

ಪೀಣ್ಯ ಸೆಕೆಂಡ್ ಸ್ಟೇಜ್
ಹೇಮಾವತಿ ದಂಡೆಯವರೇ, ಇಷ್ಟು ಜನ ಬರೆದರೂ ಒಬ್ಬರೂ ಕೇಳಲಿಲ್ಲ. ಸಂಬಳ 19,500 ಅಂದಿರಿ. ನಿಮ್ಮ ಪೇ ಸ್ಲಿಪ್‌ನಲ್ಲಿ ಇಎಸ್‌ಐ ಅಂತ ಕಟ್ ಆಗುತ್ತಾ?

ಹೇಮಾವತಿ ದಂಡೆ
ಆಗುತ್ತೆ, 146 ರೂಪಾಯಿ ಚಿಲ್ಲರೆ. ಅದು ಫ್ಯಾಕ್ಟರಿಯಲ್ಲಿ ನನಗೆ ಏಟಾದರೆ ಅಂತ ಅಲ್ವಾ?

ಪೀಣ್ಯ ಸೆಕೆಂಡ್ ಸ್ಟೇಜ್
ಅಲ್ಲ! ಅದಷ್ಟೇ ಅಲ್ಲ. ಇಎಸ್‌ಐ ಅಂದರೆ ಸಂಬಳ 21,000ದವರೆಗೆ ಇರುವ ನೌಕರರ ಸರ್ಕಾರಿ ವಿಮೆ. ನಿಮ್ಮಿಂದ ಶೇ. 0.75, ಮಾಲೀಕರಿಂದ ಶೇ. 3.25. ನಿಮ್ಮನ್ನೇ ನಂಬಿಕೊಂಡ ತಾಯಿಗೂ ಅದರಲ್ಲಿ ಚಿಕಿತ್ಸೆ ಇದೆ. ಆಸ್ಪತ್ರೆ ಸೇರಿದಾಗ ಮಾತ್ರ ಅಲ್ಲ, ಡಿಸ್ಪೆನ್ಸರಿಯಲ್ಲಿ ತಿಂಗಳ ಮಾತ್ರೆಯೂ ಕೊಡುತ್ತಾರೆ. ಅವರ ಸ್ವಂತ ಆದಾಯ ತಿಂಗಳಿಗೆ 9,000 ಮೀರಬಾರದು. ಕಂಪನಿಯ ಎಚ್‌ಆರ್ ಹತ್ತಿರ ಹೋಗಿ ಅಮ್ಮನ ಹೆಸರು, ಆಧಾರ್ ಸೇರಿಸಲು ಹೇಳಿ. ಕುಟುಂಬ ಬೇರೆ ಊರಲ್ಲಿದ್ದರೆ ಅವರಿಗೆ ಬೇರೆ ಡಿಸ್ಪೆನ್ಸರಿ ಹಾಕಿಸಬಹುದು.

ನಮ್ಮಪ್ಪ ರಿಟೈರ್ ಆದ ಮೇಲೂ ಇದನ್ನೇ ಉಳಿಸಿಕೊಂಡಿದ್ದಾರೆ. ಐದು ವರ್ಷ ಇಎಸ್‌ಐ ಕಟ್ಟಿ ನಿವೃತ್ತಿ ಆದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಇದೆ. ಯಾರೂ ಹೇಳುವುದಿಲ್ಲ ಇದನ್ನು.

ತುಮಕೂರು ರೋಡ್
ಇಎಸ್‌ಐ ಡಿಸ್ಪೆನ್ಸರಿಯಲ್ಲಿ ಅರ್ಧ ದಿನ ಕ್ಯೂ, ಅರ್ಧ ಮಾತ್ರೆ ಸ್ಟಾಕ್ ಇಲ್ಲ. ನನ್ನ ಅನುಭವ.

ಪೀಣ್ಯ ಸೆಕೆಂಡ್ ಸ್ಟೇಜ್
ಕ್ಯೂ ಇದೆ, ಒಪ್ಪುತ್ತೇನೆ. ಐದರಲ್ಲಿ ಮೂರು ಸಿಕ್ಕಿದರೂ ಮೂರರ ದುಡ್ಡು ಉಳಿಯಿತಲ್ಲ. ನಮ್ಮ ಸಂಬಳದಿಂದಲೇ ಕಟ್ ಆಗಿರುವ ದುಡ್ಡು ಅದು.

ಚಾಮುಂಡಿ ಪುರ
ತೆರಿಗೆ ಕಟ್ಟುವವರಿಗೂ ಒಂದು ಮಾತು. 60 ದಾಟಿದ ಅಪ್ಪ ಅಮ್ಮನಿಗೆ ಇನ್ಶೂರೆನ್ಸ್ ಇಲ್ಲದಿದ್ದರೆ ಅವರ ಔಷಧಿ ಖರ್ಚನ್ನೇ ಆದಾಯ ತೆರಿಗೆ ಲೆಕ್ಕದಲ್ಲಿ ಕಡಿತ ಅಂತ 50,000ದವರೆಗೆ ತೋರಿಸಬಹುದು. ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ನಗದು ಕೊಟ್ಟರೆ ಆಗಲ್ಲ, ಯುಪಿಐ ಅಥವಾ ಕಾರ್ಡ್‌ನಲ್ಲಿ ಕೊಡಿ.

ಹೇಮಾವತಿ ದಂಡೆ
ಎಲ್ಲರಿಗೂ ಅಪ್‌ಡೇಟ್. ಶನಿವಾರ ಅಮ್ಮನನ್ನು ಡಾಕ್ಟರ ಹತ್ತಿರ ಕರ್ಕೊಂಡು ಹೋದೆ. ಅಮ್ಮ ಹೊರಗೆ ಕೂತಿದ್ದಾಗ ನಾನೇ ಒಳಗೆ ಹೋಗಿ ದುಡ್ಡಿನ ವಿಷಯ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಇದನ್ನು ಮೊದಲೇ ಹೇಳಬೇಕಿತ್ತಲ್ಲಪ್ಪ, ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ನಾನು ಇನ್ಸುಲಿನ್ ಶುರು ಮಾಡೋಣ ಅಂತಿದ್ದೆ" ಅಂದರು. ನನಗೆ ಎದೆ ಧಸಕ್ಕಂತು. ಎಂಪಾಗ್ಲಿಫ್ಲೋಜಿನ್ ಬೇರೆ ಕಂಪನಿಯದ್ದು ಬರೆದುಕೊಟ್ಟರು, ಕಾಂಬಿನೇಷನ್ ಮಾತ್ರೆ ಬಿಡಿಸಿ ಬರೆದರು. ಥೈರಾಯ್ಡ್‌ದು ಇದ್ದದ್ದೇ ಇರಲಿ ಅಂದರು. ಈಗ ಲೆಕ್ಕ ಹಾಕಿದರೆ 1,240 ಆಗುತ್ತಿದೆ. ಎಚ್‌ಆರ್‌ಗೆ ಅಮ್ಮನ ಆಧಾರ್ ಕೊಟ್ಟಿದ್ದೇನೆ.

ಅಮ್ಮನಿಗೆ ಹೊಸ ರೇಟು ಹೇಳಿದರೆ ನಂಬುತ್ತಿಲ್ಲ. ನೀನು ಕಡಿಮೆ ಹೇಳ್ತಿದ್ದೀಯ, ಬಿಲ್ ತೋರಿಸು ಅಂದರು. ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

ಮೆಡಿಕಲ್ ಅಣ್ಣ
ತುಂಬ ಸಂತೋಷ ಆಯಿತು. ಮೂರು ತಿಂಗಳು ಬಿಟ್ಟು ಮತ್ತೆ ಆ ಸರಾಸರಿ ಟೆಸ್ಟ್ ಮಾಡಿಸಿ, ಇಲ್ಲಿ ಬರೆಯಿರಿ.

ಸಾಸಲು ಹೊಲ
ನಮ್ಮಮ್ಮನೂ ಅದೇ 60 ರೂಪಾಯಿಯದ್ದೇ ಅಂಗಡಿಯಿಂದ ತಗೊಳ್ಳುತ್ತಿರುವುದು ಅಂತ ಈಗ ಶೀಟ್ ನೋಡಿದ ಮೇಲೆ ಗೊತ್ತಾಯಿತು. ನಾಳೆಯೇ ಚೀಟಿ ತಗೊಂಡು ಹೋಗುತ್ತೇನೆ. ಡಾಕ್ಟರ್ ಭಾನುವಾರ ಸಿಗಲ್ಲ ಅಲ್ವಾ?